ಅಂಕೆ ತೊಟ್ಟ ಕಲ್ಲುಗಳು: ನೊಯ್ಬರ್‌ನ ನಶ್ಯದ ಡಬ್ಬಿಗಳೂ ಅವುಗಳ ಕಿರುಹೊತ್ತಗೆಗಳೂ

ಅಂಗೈಯಲ್ಲಿ ಅಡಗುವಷ್ಟು ಸಣ್ಣದೊಂದು ಚಿನ್ನದ ಡಬ್ಬಿ. ಮುಚ್ಚಳದ ನಡುವಿನಿಂದ ಹೂವಿನ ಎಸಳುಗಳು ಬಿಚ್ಚಿಕೊಂಡಂತೆ ತೆಳುವಾದ ಕಲ್ಲಿನ ಬಿಲ್ಲೆಗಳು ಸುತ್ತುಸುತ್ತಾಗಿ ಹರಡಿವೆ. ಒಂದು ಹಾಲುಬಿಳುಪು, ಒಂದು ಜೇನುಬಣ್ಣ, ಒಂದು ರಕ್ತಗೆಂಪು, ಇನ್ನೊಂದು ಪಾಚಿಹಸಿರು, ಒಂದರಂತೆ ಮತ್ತೊಂದಿಲ್ಲ. ಪ್ರತಿಯೊಂದರ ಸುತ್ತಲೂ ದಾರದಷ್ಟು ಸಪೂರವಾದ ಚಿನ್ನದ ಅಂಚು. ಭೂತಕನ್ನಡಿ ಹಿಡಿದು ನೋಡಿದರೆ ಆ ಅಂಚಿನ ಮೇಲೆ ಕಲ್ಲಿಗೊಂದರಂತೆ ಅಂಕೆಗಳನ್ನು ಕೊರೆದಿರುವುದು ಕಾಣುತ್ತದೆ. ಡಬ್ಬಿಯ ಜೊತೆಯಲ್ಲಿ, ಹಲವು ಸಲ ಅದರ ಒಳಗೇ ಮಾಡಿದ ಗುಪ್ತ ಅರೆಯಲ್ಲಿ, ಒಂದು ಪುಟ್ಟ ಹೊತ್ತಗೆ ಇರುತ್ತಿತ್ತು. ಅದರಲ್ಲಿ ಅದೇ ಅಂಕೆಗಳು ಕ್ರಮವಾಗಿ ಬರುತ್ತವೆ. ಅಂಕೆಯ ಮುಂದೆ ಕಲ್ಲಿನ ಜಾತಿ, ಅದು ದೊರೆತ ಊರು. ನಶ್ಯ ಹಾಕಿಡುವ ಡಬ್ಬಿಗೆ ಇಷ್ಟೊಂದು ಬರವಣಿಗೆ ಏಕೆ ಬೇಕಾಯಿತು ಎಂಬ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ.

ಇಂತಹ ಡಬ್ಬಿಗಳನ್ನು ಮಾಡಿದವನು ಹದಿನೆಂಟನೆಯ ಶತಮಾನದ ಡ್ರೆಸ್ಡೆನ್ ನಗರದ ಅಕ್ಕಸಾಲಿಗ ಯೋಹಾನ್ ಕ್ರಿಸ್ಟಿಯಾನ್ ನೊಯ್ಬರ್. ಯುರೋಪಿನ ಲೋಹಶಿಲ್ಪದ ಚರಿತ್ರೆಯಲ್ಲಿ ಅವನ ಹೆಸರು ಸಾಮಾನ್ಯವಾಗಿ ಕೈಚಳಕದ ಅಧ್ಯಾಯದಲ್ಲಿ ಬರುತ್ತದೆ. ಕೈಚಳಕ ನಿಜವೇ. ಆದರೆ ಅವನ ಕೃತಿಗಳನ್ನು ಕಣ್ಣಿಗಷ್ಟೇ ಒಪ್ಪಿಸಿದರೆ ಅವುಗಳ ಅರ್ಧಭಾಗ ಕೈತಪ್ಪುತ್ತದೆ. ಅವು ಓದಬೇಕಾದ ವಸ್ತುಗಳು. ವಜ್ರ, ಮಾಣಿಕ್ಯಗಳ ಮುಂದೆ ಬೆಲೆಯಲ್ಲಿ ಏನೂ ಅಲ್ಲದ ಉಪರತ್ನಗಳಿಗೆ ಇಲ್ಲಿ ಬೆಲೆ ಬಂದದ್ದು ಹೆಸರಿನಿಂದ ಮತ್ತು ಊರಿನಿಂದ. ಹೆಸರೂ ಊರೂ ಇದ್ದದ್ದು ಕಾಗದದಲ್ಲಿ. ಆ ಕಾಗದವೇ ಮೊದಲು ಕಳೆದುಹೋಗುವ ಭಾಗ.

ನೊಯ್ಬರ್ ಹುಟ್ಟಿದ್ದು 1736ರಲ್ಲಿ, ಬೊಹೀಮಿಯದ ಗಡಿಗೆ ಅಂಟಿಕೊಂಡ ನೊಯ್‌ವೆರ್ನ್ಸ್‌ಡೋರ್ಫ್ ಎಂಬ ಹಳ್ಳಿಯಲ್ಲಿ. ಅದು ಅರ್ತ್ಸ್‌ಗೆಬಿರ್ಗೆ ಬೆಟ್ಟಸಾಲಿನ ಸೀಮೆ. ಆ ಹೆಸರಿಗೆ ಅದಿರಿನ ಬೆಟ್ಟ ಎಂದೇ ಅರ್ಥ. ಬೆಟ್ಟದ ಈಚೆಗೆ ಜರ್ಮನ್ ಮಾತಿನ ಸ್ಯಾಕ್ಸನಿ, ಆಚೆಗೆ ಜೆಕ್ ಮತ್ತು ಜರ್ಮನ್ ಎರಡೂ ಬೆರೆತ ಬೊಹೀಮಿಯ. ಹದಿಹರೆಯದಲ್ಲಿ ಡ್ರೆಸ್ಡೆನ್‌ಗೆ ಬಂದು ಟ್ರೆಷಾನ್ ಎಂಬ ಅಕ್ಕಸಾಲಿಗನಲ್ಲಿ ಕಸುಬು ಕಲಿತ. 1762ರಲ್ಲಿ ಸ್ವತಂತ್ರ ಅಕ್ಕಸಾಲಿಗನೆಂಬ ಮನ್ನಣೆಯೂ ನಗರದ ಪೌರತ್ವವೂ ದೊರೆತವು. ಹೈನ್ರಿಖ್ ಟಾಡೆಲ್ ಎಂಬ ಹಿರಿಯ ಕುಶಲಿಯಿಂದ ಕಲ್ಲು ಕೂರಿಸುವ ಈ ಬಗೆಯ ಕೆಲಸವನ್ನು ಮುಂದುವರಿಸಿಕೊಂಡು, ಅವನ ನಂತರ ‘ಹಸಿರು ಕಮಾನುಮನೆ’ ಎಂದು ಹೆಸರಾದ ರಾಜಭಂಡಾರದ ಹೊಣೆಯನ್ನೂ ಹೊತ್ತ. 1775ರ ಹೊತ್ತಿಗೆ ಆಸ್ಥಾನದ ಆಭರಣಕಾರನೆನಿಸಿದ್ದ.

ಅವನು ಪೌರತ್ವ ಪಡೆದ ವರ್ಷವನ್ನು ಗಮನಿಸಬೇಕು. ಏಳು ವರ್ಷಗಳ ಯುದ್ಧ 1756ರಲ್ಲಿ ಶುರುವಾದದ್ದೇ ಪ್ರಷ್ಯದ ದೊರೆ ಎರಡನೆಯ ಫ್ರೆಡರಿಕ್ ಸ್ಯಾಕ್ಸನಿಗೆ ನುಗ್ಗಿದಾಗ. ಅದು ಮುಗಿದದ್ದು 1763ರಲ್ಲಿ, ಸ್ಯಾಕ್ಸನಿಯ ನೆಲದಲ್ಲೇ ಇದ್ದ ಹುಬರ್ಟಸ್‌ಬುರ್ಗ್ ಅರಮನೆಯಲ್ಲಿ ಸಹಿಯಾದ ಒಪ್ಪಂದದಿಂದ. ಈ ನಡುವೆ ಡ್ರೆಸ್ಡೆನ್ ಗುಂಡಿನ ದಾಳಿಗೆ ಸಿಕ್ಕಿತ್ತು, ಖಜಾನೆ ಬರಿದಾಗಿತ್ತು. ಪುನರ್ನಿರ್ಮಾಣದ ಮೊದಲ ಹೆಜ್ಜೆಗಳಲ್ಲೊಂದು 1765ರಲ್ಲಿ ಫ್ರೈಬರ್ಗ್‌ನಲ್ಲಿ ಸ್ಥಾಪನೆಯಾದ ಗಣಿವಿದ್ಯೆಯ ಅಕಾಡೆಮಿ. ನೆಲದ ಮೇಲಿನದೆಲ್ಲ ಸೂರೆಹೋದ ರಾಜ್ಯವೊಂದು ನೆಲದ ಕೆಳಗೆ ಉಳಿದದ್ದನ್ನು ಲೆಕ್ಕಹಾಕಲು ಹೊರಟಿತು ಎಂದರೆ ತಪ್ಪಾಗದು. ನೊಯ್ಬರ್‌ನ ಡಬ್ಬಿಗಳನ್ನು ಈ ಲೆಕ್ಕಪತ್ರದ ಪಕ್ಕದಲ್ಲಿಟ್ಟು ನೋಡಬೇಕು. ಅವು ರಾಜ್ಯದ ಖನಿಜ ಸಂಪತ್ತಿನ ಜೇಬಿನಲ್ಲಿಡಬಹುದಾದ ದಾಸ್ತಾನು ಪಟ್ಟಿಗಳು. ಆ ಕಾಲದವರು ಇವನ್ನು ‘ಕಲ್ಲಿನ ಸಂಗ್ರಹ’ ಎಂಬರ್ಥದ ಮಾತಿನಿಂದಲೇ ಕರೆದರು: ಕೋಣೆ ತುಂಬುವ ಖನಿಜ ಸಂಗ್ರಹವನ್ನು ಅಂಗೈಯಗಲಕ್ಕೆ ಇಳಿಸಿದ್ದು.

ಕೆಲಸದ ಬಗೆಯನ್ನು ಸ್ವಲ್ಪ ವಿವರಿಸಬೇಕು. ಅಗೇಟ್, ಜ್ಯಾಸ್ಪರ್, ಕಾರ್ನೀಲಿಯನ್, ಕ್ಯಾಲ್ಸೆಡನಿ, ಅಮೆಥಿಸ್ಟ್ ಇವೆಲ್ಲ ಮೂಲತಃ ಸಿಲಿಕಾ; ಬೆಣಚುಕಲ್ಲಿನ ಬಳಗದವು. ಮೋಸ್ ಮಾಪಕದಲ್ಲಿ ಇವುಗಳ ಗಡಸುತನ 7ರ ಆಸುಪಾಸು. ಉಕ್ಕಿನ ಚೂರಿ ಇವುಗಳ ಮೇಲೆ ಗೀರು ಮೂಡಿಸದು. ಆದ್ದರಿಂದ ಕಲ್ಲನ್ನು ಕತ್ತರಿಸುವುದು ಅಲಗು ಅಲ್ಲ, ಪುಡಿ. ಮೆದು ಲೋಹದ ತಿರುಗುವ ತಟ್ಟೆಗೆ ನೀರಿನೊಡನೆಯೋ ಎಣ್ಣೆಯೊಡನೆಯೋ ಕಲಸಿದ ಕುರುಂದದ ಪುಡಿಯನ್ನು ಉಣಿಸುತ್ತ ಹೋದರೆ, ಪುಡಿಯ ಕಣಗಳು ಲೋಹದಲ್ಲಿ ನಾಟಿಕೊಂಡು ಕಲ್ಲನ್ನು ಸವೆಸುತ್ತವೆ. ಯುರೋಪಿನಲ್ಲಿ ಬಳಸುತ್ತಿದ್ದ ‘ಎಮರಿ’ ಕುರುಂದದ್ದೇ ಒಂದು ರೂಪ. ಆ ಖನಿಜಕ್ಕೆ ಇಂದು ವಿಜ್ಞಾನದಲ್ಲಿರುವ ‘ಕೊರಂಡಮ್’ ಎಂಬ ಹೆಸರು ನಮ್ಮ ಕಡೆಯಿಂದಲೇ ಹೋದದ್ದು. ತಮಿಳಿನ ‘ಕುರುಂದಂ’ ಅದರ ಮೂಲ, ಸಂಸ್ಕೃತದ ‘ಕುರುವಿಂದ’ ಅದರ ನೆಂಟ. 1798ರಲ್ಲಿ ಚಾರ್ಲ್ಸ್ ಗ್ರೆವಿಲ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಏಷ್ಯದ ಈ ಕಲ್ಲನ್ನು ಕುರಿತು ಪ್ರಬಂಧ ಮಂಡಿಸಿದ ಮೇಲೆ ಹೆಸರು ಅಲ್ಲಿ ಬೇರೂರಿತು. ಸಾಣೆ ಹಿಡಿಯುವವನ ಬಾಯಿಮಾತು ಕಲ್ಲಿನೊಡನೆ ಹಡಗು ಹತ್ತಿದ ಪ್ರಸಂಗವಿದು.

ಹೀಗೆ ಸವೆದು ತೆಳುವಾದ ಬಿಲ್ಲೆಗಳನ್ನು ನಯಗೊಳಿಸಿ, ವಿನ್ಯಾಸಕ್ಕೆ ತಕ್ಕ ಆಕಾರಕ್ಕೆ ಅಂಚು ತಿದ್ದಿ, ಚಿನ್ನದ ಪಟ್ಟಿಗಳಿಂದ ಕಟ್ಟಿದ ಕೋಶಗಳಲ್ಲಿ ಕೂರಿಸಬೇಕು. ಜೇನುಹುಟ್ಟಿನಂತೆ ಕೋಶಕ್ಕೆ ಕೋಶ ತಾಗಿಕೊಂಡಿರುತ್ತದೆ. ನಮ್ಮ ಅಕ್ಕಸಾಲಿಗರ ಕುಂದಣದ ಕೆಲಸದಲ್ಲೂ ಚಿನ್ನ ಕಲ್ಲನ್ನು ಅಪ್ಪಿ ಹಿಡಿಯುತ್ತದೆ. ಆದರೆ ಕುಂದಣದಲ್ಲಿ ಕಲ್ಲು ಆಭರಣದ ಒಡತಿ, ಚಿನ್ನ ಅದರ ಪೀಠ. ನೊಯ್ಬರ್‌ನಲ್ಲಿ ಚಿನ್ನ ಗದ್ದೆಯ ಬದುವಿನಂತೆ: ಒಂದು ಕಲ್ಲಿನ ಹದ್ದು ಎಲ್ಲಿ ಮುಗಿಯಿತು, ಇನ್ನೊಂದರದು ಎಲ್ಲಿ ಆರಂಭವಾಯಿತು ಎಂದು ತೋರಿಸುವುದೇ ಅದರ ಕೆಲಸ. ಬದುವಿನ ಮೇಲೆ ನೆಟ್ಟ ಸರ್ವೆಕಲ್ಲಿನ ಹಾಗೆ ಅಂಕೆ.

ಇದರ ವೈಶಿಷ್ಟ್ಯ ತಿಳಿಯುವುದು ಫ್ಲಾರೆನ್ಸ್‌ನೊಡನೆ ಹೋಲಿಸಿದಾಗ. 1588ರಲ್ಲಿ ಮೆಡಿಚಿ ಮನೆತನದ ಮೊದಲನೆಯ ಫರ್ಡಿನಾಂಡೊ ಅಲ್ಲಿ ಗಟ್ಟಿಕಲ್ಲಿನ ಕುಸುರಿಗೆಂದೇ ಕಾರ್ಖಾನೆಯೊಂದನ್ನು ಸ್ಥಾಪಿಸಿದ. ಅದರ ಉತ್ತರಾಧಿಕಾರಿ ಸಂಸ್ಥೆ ಇಂದಿಗೂ ಇದೆ. ಫ್ಲಾರೆನ್ಸ್‌ನ ಕುಶಲಿ ಕಲ್ಲುಗಳನ್ನು ಬೆಸುಗೆ ಕಾಣದಂತೆ ಜೋಡಿಸುತ್ತಾನೆ. ಹಸಿರು ಜ್ಯಾಸ್ಪರ್ ಗಿಳಿಯ ರೆಕ್ಕೆಯಾಗುತ್ತದೆ, ಕೆಂಪು ಕಲ್ಲು ಹಣ್ಣಾಗುತ್ತದೆ. ಅಂತಹ ಫಲಕಗಳು ದೆಹಲಿಯ ಕೆಂಪುಕೋಟೆಗೂ ಬಂದು, ದಿವಾನ್-ಎ-ಆಮ್‌ನ ಸಿಂಹಾಸನದ ಹಿಂಗೋಡೆಯಲ್ಲಿ ಆರ್ಫಿಯಸ್‌ನನ್ನೂ ಹಕ್ಕಿಗಳನ್ನೂ ಕೂರಿಸಿವೆ. ಅಲ್ಲಿ ಕಲ್ಲು ವೇಷ ಕಟ್ಟಿಕೊಂಡು ರಂಗಕ್ಕೆ ಬರುತ್ತದೆ. ವೇಷ ಚೆನ್ನಾದಷ್ಟೂ ಕಲ್ಲನ್ನು ಮರೆಯುತ್ತೇವೆ. ಬರ್ಲಿನ್ನಿನಲ್ಲಿ ಫ್ರೆಡರಿಕ್ ದೊರೆ ಮಾಡಿಸಿಕೊಂಡ ನಶ್ಯದ ಡಬ್ಬಿಗಳದು ಇನ್ನೊಂದು ದಾರಿ: ಸೈಲೀಶಿಯದ ಸೇಬುಹಸಿರು ಕ್ರಿಸೊಪ್ರೇಸ್ ಕಲ್ಲನ್ನೇ ಡಬ್ಬಿಯಾಗಿ ಕೊರೆದು ಮೇಲೆ ವಜ್ರ ಸುರಿದದ್ದು. ಸೈಲೀಶಿಯ ಅವನು ಆಸ್ಟ್ರಿಯದಿಂದ ಕಿತ್ತುಕೊಂಡ ಪ್ರಾಂತ ಎಂಬುದನ್ನು ಆ ಹಸಿರು ಮೌನವಾಗಿ ಸಾರುತ್ತಿತ್ತು. ಇವೆರಡಕ್ಕೂ ಹೊರಗೆ ನಿಂತ ನೊಯ್ಬರ್‌ನಲ್ಲಿ ಕಲ್ಲು ಇನ್ನೇನನ್ನೂ ನಟಿಸುವುದಿಲ್ಲ. ಅವನೂ ಒಮ್ಮೊಮ್ಮೆ ಹೂಮಾಲೆಗಳನ್ನು, ಭೂದೃಶ್ಯಗಳನ್ನು ಕಲ್ಲಿನಲ್ಲಿ ಕಟ್ಟಿದ್ದುಂಟು; ಅವು ಮುದ್ದಾಗಿವೆ, ಅಷ್ಟೆ. ಅವನ ನಿಜವಾದ ಶಕ್ತಿ ಇರುವುದು ಅಂಕೆ ತೊಟ್ಟ ಡಬ್ಬಿಗಳಲ್ಲಿ.

ಹೊತ್ತಗೆಗಳಿಗೆ ಬರೋಣ. ಕೆಲವು ಜರ್ಮನ್‌ನಲ್ಲಿವೆ, ಕೆಲವು ಫ್ರೆಂಚ್‌ನಲ್ಲಿ. ಆಗಿನ ಯುರೋಪಿನ ಅರಮನೆಗಳಲ್ಲಿ ನಡೆಯುತ್ತಿದ್ದದ್ದು ಫ್ರೆಂಚ್. ಉಡುಗೊರೆ ಪಡೆದವನ ಭಾಷೆ ನೋಡಿ ಹೊತ್ತಗೆಯ ಭಾಷೆ. ಆದರೆ ವಾಕ್ಯ ಯಾವ ಭಾಷೆಯದಾದರೂ ಊರಿನ ಹೆಸರು ಬದಲಾಗದು. ಷ್ಲಾಟ್‌ವಿಟ್ಸ್‌ನ ಅಗೇಟ್: ಅದು ಭೂಮಿಯೊಳಗೆ ಒಡೆದು ಚೂರಾಗಿ, ಮತ್ತೆ ಬೆಣಚಿನಿಂದಲೇ ಬೆಸೆದುಕೊಂಡದ್ದು. ಕತ್ತರಿಸಿದರೆ ಪಾಳುಬಿದ್ದ ಕೋಟೆಯ ನಕ್ಷೆಯಂತೆ ಕಾಣುತ್ತದೆ. ಫ್ರೈಬರ್ಗ್ ಬಳಿಯ ಹಾಲ್ಸ್‌ಬಾಖ್‌ನದು ಹವಳದಂತೆ ಕೆಂಪು. ಷ್ನೆಕೆನ್‌ಷ್ಟೈನ್ ಬಂಡೆಯದು ಹಳದಿ ಪುಷ್ಯರಾಗ. ಕೆಮ್ನಿಟ್ಸ್‌ನದು ಕಲ್ಲಾದ ಮರ.

ಈ ಕಲ್ಲಾದ ಮರದ ಬಗ್ಗೆ ತುಸು ನಿಲ್ಲಬಹುದು. ಸುಮಾರು 29 ಕೋಟಿ ವರ್ಷಗಳ ಹಿಂದೆ ಜ್ವಾಲಾಮುಖಿಯ ಬೂದಿ ಮುಚ್ಚಿದ ಕಾಡು ಕೆಮ್ನಿಟ್ಸ್ ನಗರದ ಕೆಳಗಿದೆ. ಮರದ ನಾರುಗಳ ಜಾಗದಲ್ಲಿ ಸಿಲಿಕಾ ತುಂಬಿ ಒಳರಚನೆ ಹಾಗೆಯೇ ಉಳಿದಿದೆ. ಅಲ್ಲಿನ ಮರಜರೀಗಿಡದ ಕಾಂಡವನ್ನು ಅಡ್ಡಕ್ಕೆ ಕೊಯ್ದರೆ ಕಪ್ಪು ನೆಲದ ಮೇಲೆ ಬಿಳಿ ಚುಕ್ಕೆಗಳು. ಸ್ಟಾರ್ಲಿಂಗ್ ಎಂಬ ಹಕ್ಕಿಯ, ನಮ್ಮ ಗೊರವಂಕದ ಬಳಗದ್ದು, ಎದೆಯ ಚುಕ್ಕೆಗಳನ್ನು ಕಂಡಿದ್ದ ಜನ ಇದನ್ನು ಆ ಹಕ್ಕಿಯ ಕಲ್ಲೆಂದೇ ಕರೆದರು. 1832ರಲ್ಲಿ ಬೆರ್ನ್‌ಹಾರ್ಡ್ ಕೊಟ್ಟಾ ಎಂಬ ಭೂವಿಜ್ಞಾನಿ ಈ ಸಸ್ಯಕುಲಕ್ಕೆ ಶಾಸ್ತ್ರೀಯ ಹೆಸರು ಕೊಡಬೇಕಾಗಿ ಬಂದಾಗ ಅದೇ ಹಕ್ಕಿಯ ಗ್ರೀಕ್ ಹೆಸರಿನಿಂದ ‘ಪ್ಸರೋನಿಯಸ್’ ಎಂದಿಟ್ಟ. ಜನರ ಮಾತು ಗ್ರೀಕಿನ ಅಂಗಿ ತೊಟ್ಟು ಪಂಡಿತರ ಸಭೆಗೆ ನಡೆದದ್ದು ಹೀಗೆ. ಹಕ್ಕಿಯನ್ನು ಮೊದಲು ಕಂಡವರು ಯಾರೆಂದು ಅಲ್ಲಿ ಯಾರೂ ಕೇಳಲಿಲ್ಲ.

ಇನ್ನು ಊರುಗಳ ಹೆಸರು. ಸ್ಯಾಕ್ಸನಿಯ ನಕ್ಷೆಯಲ್ಲಿ ‘-ಇಟ್ಸ್’ ಎಂದು ಕೊನೆಯಾಗುವ ಊರುಗಳು ದಂಡಿಯಾಗಿವೆ. ಇಂತಹ ಹೆಸರುಗಳ ಹಿಂದೆ ಬಹುಮಟ್ಟಿಗೆ ಸ್ಲಾವಿಕ್ ಮೂಲವಿದೆ. ಜರ್ಮನ್ ಭಾಷಿಕರು ಬಂದು ನೆಲೆಸುವ ಮೊದಲು ಈ ನಾಡಿನಲ್ಲಿದ್ದವರು ಸೋರ್ಬರು ಮತ್ತು ಅವರ ಸಂಬಂಧಿಕರು. ಇಂದು ಸೋರ್ಬಿಯನ್ ಭಾಷೆಗಳೆರಡು ಪೂರ್ವದ ಲೌಸಿತ್ಸ್ ಸೀಮೆಗೆ ಹಿಂದೆ ಸರಿದಿವೆ. ಬೌಟ್ಸೆನ್ ನಗರ ಅವರ ಬಾಯಲ್ಲಿ ಬುಡಿಶಿನ್. ಆದರೆ ಭಾಷೆ ಹಿಂದೆ ಸರಿದ ಕಡೆಗಳಲ್ಲೂ ಊರು, ಹೊಳೆಗಳ ಹೆಸರುಗಳು ನಿಂತ ಜಾಗದಲ್ಲೇ ನಿಂತಿವೆ. ಡ್ರೆಸ್ಡೆನ್ ಎಂಬುದೇ ಹೊಳೆದಂಡೆಯ ಕಾಡಿನವರು ಎಂಬ ಅರ್ಥದ ಹಳೆಯ ಸೋರ್ಬಿಯನ್ ಮಾತು. ಕೆಮ್ನಿಟ್ಸ್ ಎಂದರೆ ಕಲ್ಲುಹೊಳೆ; ಕಲ್ಲಿಗೆ ಸ್ಲಾವಿಕ್ ಭಾಷೆಗಳಲ್ಲಿರುವ ‘ಕಾಮೆನ್’ ಎಂಬ ಪದ ಅದರೊಳಗಿದೆ. ಆದ್ದರಿಂದ ನೊಯ್ಬರ್‌ನ ಹೊತ್ತಗೆಯಲ್ಲಿ ಕಲ್ಲಾದ ಮರದ ಮುಂದೆ ಕೆಮ್ನಿಟ್ಸ್ ಎಂದು ಬರೆದಾಗ ಕಲ್ಲು ಎಂಬ ಮಾತು ಎರಡು ಸಲ, ಎರಡು ಭಾಷೆಗಳಲ್ಲಿ ಬಂದಂತಾಯಿತು. ಬರೆದವನಿಗೆ ಅದು ಹೊಳೆದಿರಬೇಕಾಗಿಲ್ಲ.

ಗಟ್ಟಿಕಲ್ಲುಗಳ ಕುಲನಾಮವಾದ ‘ಕ್ವಾರ್ಟ್ಸ್’ ಕೂಡ ಈ ಬೆಟ್ಟಸೀಮೆಯ ಗಣಿಗಾರರ ಬಾಯಿಂದ ಬಂದು ಜಗತ್ತಿಗೆ ಹರಡಿದ ಪದ. ಅದರ ಬೇರು ‘ಗಟ್ಟಿ’ ಎಂಬರ್ಥದ ಪಶ್ಚಿಮ ಸ್ಲಾವಿಕ್ ಪದವೊಂದರಲ್ಲಿದೆ ಎಂಬುದು ಹಲವು ನಿರುಕ್ತಕಾರರ ಮತ. ಕೆಮ್ನಿಟ್ಸ್‌ನಲ್ಲೇ ಬಾಳಿದ ವೈದ್ಯ ಗೇಯೋರ್ಗಿಯುಸ್ ಅಗ್ರಿಕೋಲ 1546ರಲ್ಲಿ ಖನಿಜಗಳ ಬಗ್ಗೆ ಲ್ಯಾಟಿನ್ನಿನಲ್ಲಿ ಬರೆಯಹೊರಟಾಗ ಎದುರಾದ ತೊಡಕು ಇದೇ: ಗಣಿಗಾರರು ದಿನವೂ ಆಡುತ್ತಿದ್ದ ಎಷ್ಟೋ ಪದಗಳಿಗೆ ಪ್ಲಿನಿಯ ಭಾಷೆಯಲ್ಲಿ ಸಮನಾದ ಪದವಿರಲಿಲ್ಲ. ಅವನು ಲ್ಯಾಟಿನ್ ಪದಗಳನ್ನು ಕಟ್ಟಿ, ಅವುಗಳ ಜರ್ಮನ್ ಅರ್ಥಗಳ ಪಟ್ಟಿಯೊಂದನ್ನು ಕೊನೆಗೆ ಜೋಡಿಸಬೇಕಾಯಿತು. ಗಡಿನಾಡಿನ ದ್ವಿಭಾಷಿಕ ವಿದ್ವಾಂಸರಿಗೆ ಈ ಪಾಡು ಹೊಸದಲ್ಲ. ‘ಅಗೇಟ್’ಗೆ ಕನ್ನಡದಲ್ಲಿ ಏನೆನ್ನಬೇಕು? ಪೇಟೆಯಲ್ಲಿ ಉಂಗುರದ ಹರಳು ಮಾರುವವನು ಅಕೀಕ್, ಹಕೀಕ್ ಎನ್ನುತ್ತಾನೆ. ಅದು ಅರಬ್ಬಿಯಿಂದ ಪಾರ್ಸಿ, ಉರ್ದುಗಳನ್ನು ದಾಟಿ ಬಂದದ್ದು. ಗೋಮೇದಕ ಎಂದರೆ ನವರತ್ನಗಳ ಲೆಕ್ಕದಲ್ಲಿ ಜೇನುಬಣ್ಣದ ಗಾರ್ನೆಟ್ ಆಗಿಬಿಡುತ್ತದೆ. ಕೊನೆಗೆ ಅಗೇಟ್ ಎಂದೇ ಉಳಿಸಿಕೊಂಡರೆ ಅದೂ ಸಿಸಿಲಿಯ ಅಖಾಟೆಸ್ ಎಂಬ ಹೊಳೆಯ ಹೆಸರು.

ಹಾಗೆ ನೋಡಿದರೆ ಕಲ್ಲು ಮಾತ್ರ ನಮಗೆ ಅಪರಿಚಿತವಲ್ಲ. ಲಾವಾ ತಣಿಯುವಾಗ ಒಳಗೆ ಸಿಕ್ಕಿಕೊಂಡ ಗಾಳಿಗುಳ್ಳೆಗಳಲ್ಲಿ ಸಿಲಿಕಾ ಪದರಪದರವಾಗಿ ಕೂತು ಅಗೇಟ್ ಆಗುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕರಿನೆಲದ ಕೆಳಗಿರುವುದೂ ಅಂತಹ ಲಾವಾದ ದಖನ್ ಶಿಲೆಯೇ.

ನೊಯ್ಬರ್‌ನ ಕೃತಿಗಳಲ್ಲೆಲ್ಲ ದೊಡ್ಡದೂ ಹೆಸರಾದದ್ದೂ ಡಬ್ಬಿಯಲ್ಲ, ಒಂದು ಮೇಜು. ಅದರ ಹಿನ್ನೆಲೆ ಹೀಗಿದೆ. 1777ರ ಕೊನೆಗೆ ಬವೇರಿಯದ ದೊರೆ ಸಂತಾನವಿಲ್ಲದೆ ತೀರಿಕೊಂಡಾಗ ಉತ್ತರಾಧಿಕಾರಕ್ಕಾಗಿ ಆಸ್ಟ್ರಿಯ ಒಂದು ಕಡೆ, ಪ್ರಷ್ಯ ಮತ್ತು ಸ್ಯಾಕ್ಸನಿ ಇನ್ನೊಂದು ಕಡೆ ನಿಂತವು. ದೊಡ್ಡ ಕಾಳಗಗಳೇ ನಡೆಯಲಿಲ್ಲ. ಸೈನ್ಯಗಳು ಬೊಹೀಮಿಯದ ಹೊಲಗಳಲ್ಲಿ ಆಹಾರಕ್ಕಾಗಿ ಅಲೆದವು. ಜನ ಅದನ್ನು ಆಲೂಗಡ್ಡೆ ಯುದ್ಧ ಎಂದು ಹಾಸ್ಯ ಮಾಡಿದರು. ಹೊಲದ ಒಡೆಯನಿಗೆ ಅದು ಹಾಸ್ಯವಾಗಿರಲಿಕ್ಕಿಲ್ಲ. ಫ್ರಾನ್ಸ್ ಮತ್ತು ರಷ್ಯಗಳ ಮಧ್ಯಸ್ಥಿಕೆಯಿಂದ 1779ರ ಮೇ 13ರಂದು ಟೆಶೆನ್ ಎಂಬ ಪಟ್ಟಣದಲ್ಲಿ ಒಪ್ಪಂದವಾಯಿತು. ಸ್ಯಾಕ್ಸನಿಯ ದೊರೆ ಮೂರನೆಯ ಫ್ರೆಡರಿಕ್ ಆಗಸ್ಟಸ್‌ಗೆ ತನ್ನ ಹಕ್ಕಿನ ಬಾಬ್ತು 60 ಲಕ್ಷ ಗಿಲ್ಡರ್ ಪರಿಹಾರ ಸಿಕ್ಕಿತು. ಫ್ರಾನ್ಸಿನ ಪರವಾಗಿ ಮಧ್ಯಸ್ಥಿಕೆ ನಡೆಸಿದ್ದವನು ವಿಯೆನ್ನಾದಲ್ಲಿದ್ದ ರಾಯಭಾರಿ ಬ್ರತೊಯ್. ಅವನಿಗೆ ದೊರೆ ಕೊಟ್ಟ ಕೃತಜ್ಞತೆಯ ಕಾಣಿಕೆಯೇ ಈ ಮೇಜು.

ಅದರ ಮೇಲ್ಮೈಯಲ್ಲಿ 128 ಕಲ್ಲುಗಳಿವೆ, ಎಲ್ಲಕ್ಕೂ ಅಂಕೆಗಳು. ನಡುನಡುವೆ ಶಾಂತಿಯನ್ನು ಸಂಕೇತಿಸುವ ಮೈಸೆನ್ ಪಿಂಗಾಣಿಯ ಪದಕಗಳು. ಪಿಂಗಾಣಿಯೂ ಸ್ಯಾಕ್ಸನಿಯ ಹೆಮ್ಮೆಯ ಉತ್ಪನ್ನ. ಜೊತೆಯಲ್ಲಿ ಕಲ್ಲುಗಳ ವಿವರದ ಹೊತ್ತಗೆ. ಗೆದ್ದ ದೊರೆಗಳು ವಜ್ರ ಕೊಡುತ್ತಿದ್ದ ಕಾಲದಲ್ಲಿ ಈ ದೊರೆ ತನ್ನ ನೆಲದ ತುಣುಕುಗಳನ್ನು ಕೊಟ್ಟ. ಇದನ್ನು ವಿನಯ ಎಂದೂ ಓದಬಹುದು, ಜಾಹೀರಾತು ಎಂದೂ ಓದಬಹುದು. ಎರಡನೆಯದಕ್ಕೆ ಪುಷ್ಟಿ ಬೇಕಿದ್ದರೆ, ನೊಯ್ಬರ್ 1786ರಲ್ಲಿ ವೈಮಾರ್‌ನ ಫ್ಯಾಷನ್ ಪತ್ರಿಕೆಯೊಂದರಲ್ಲಿ ತನ್ನ ಸರಕಿನ ಪಟ್ಟಿಯನ್ನೇ ಪ್ರಕಟಿಸಿದ್ದ: ಗಂಡಸರ ಡಬ್ಬಿ, ಹೆಂಗಸರ ಡಬ್ಬಿ, ಗಡಿಯಾರದ ಸರಪಳಿ, ಉಂಗುರ, ಕಡಗ. ರಾಜತಂತ್ರಕ್ಕೆ ಬಂದ ಕಲ್ಲೇ ಅಂಗಡಿಗೂ ಬಂದಿತು. ಆದರೂ ಅವನಿಗೆ ಮುಪ್ಪಿನಲ್ಲಿ ಕೈ ಸಾಗಲಿಲ್ಲ. 1808ರಲ್ಲಿ ಐಬೆನ್‌ಷ್ಟಾಕ್ ಎಂಬ ಬೆಟ್ಟದೂರಿನಲ್ಲಿ ತೀರಿಕೊಂಡ.

ಹೊತ್ತಗೆಗಳ ವಿವರಗಳಲ್ಲಿ ಒಂದು ಕೊರತೆಯನ್ನು ಇಲ್ಲಿಯೇ ಹೇಳಬೇಕು. ಕಲ್ಲಿಗೆ ಅಂಕೆಯಿದೆ, ಊರಿದೆ. ಅದನ್ನು ಹೊಲದ ಸಾಲಿನಿಂದ, ಹೊಳೆಯ ಪಾತ್ರದಿಂದ, ಗಣಿಯ ಹೊಂಡದಿಂದ ಹೆಕ್ಕಿ ತಂದವನ ಹೆಸರಿಲ್ಲ, ವಾರಗಟ್ಟಲೆ ತಟ್ಟೆ ತಿರುಗಿಸಿ ಸವೆಸಿದವನ ಹೆಸರಿಲ್ಲ. ನೆಲವನ್ನು ಇಷ್ಟು ನಿಖರವಾಗಿ ಗುರುತಿಸಿದ ಕಣ್ಣು ಆ ನೆಲದವರ ಮೇಲಿಂದ ಜಾರಿಹೋಗಿದೆ.

ಇವು ಸಿದ್ಧವಾಗುತ್ತಿದ್ದ ದಶಕಗಳಲ್ಲೇ ಅದೇ ನಾಡಿನವನೊಬ್ಬನ ಗ್ರಂಥ ಜರ್ಮನ್ ವಿಮರ್ಶೆಯಲ್ಲಿ ಚರ್ಚೆ ಎಬ್ಬಿಸಿತ್ತು. ಲೆಸ್ಸಿಂಗ್ 1766ರಲ್ಲಿ ಪ್ರಕಟಿಸಿದ ‘ಲಾವೊಕೂನ್’ ಚಿತ್ರ ಮತ್ತು ಕಾವ್ಯಗಳ ಎಲ್ಲೆಗಳನ್ನು ಗುರುತಿಸುತ್ತದೆ: ಚಿತ್ರದ ಸಂಕೇತಗಳು ಅವಕಾಶದಲ್ಲಿ ಅಕ್ಕಪಕ್ಕ ಇರುವಂಥವು, ಕಾವ್ಯದವು ಕಾಲದಲ್ಲಿ ಒಂದರ ಹಿಂದೊಂದು ಬರುವಂಥವು. ಲೆಸ್ಸಿಂಗ್ ಹುಟ್ಟಿದ ಊರು ಲೌಸಿತ್ಸ್‌ನ ಕಾಮೆನ್ತ್ಸ್. ಆ ಹೆಸರಿನಲ್ಲಿ ಇರುವುದೂ ಅದೇ ಸ್ಲಾವಿಕ್ ಕಲ್ಲು. ನೊಯ್ಬರ್ ಅವನ ಗ್ರಂಥವನ್ನು ಓದಿದ್ದನೆಂದು ಊಹಿಸಬೇಕಾಗಿಲ್ಲ. ಆದರೆ ಅಕ್ಕಸಾಲಿಗನ ಡಬ್ಬಿ ವಿಮರ್ಶಕನ ಎಲ್ಲೆಯ ಎರಡೂ ಬದಿಗೆ ಕಾಲು ಚಾಚಿದೆ. ಮುಚ್ಚಳದ ಮೇಲೆ ಕಲ್ಲುಗಳು ಅಕ್ಕಪಕ್ಕ, ಕಣ್ಣಿಗೆ ಒಟ್ಟಿಗೆ ಬೀಳುತ್ತವೆ. ಹೊತ್ತಗೆಯಲ್ಲಿ ಅವೇ ಒಂದರ ಹಿಂದೊಂದು ಬರುತ್ತವೆ. ಅಂಕೆ ಇವೆರಡರ ನಡುವಿನ ಕಾಲುಸೇತುವೆ. ಓದುಗ ಕಾಗದದಿಂದ ಕಲ್ಲಿಗೆ, ಕಲ್ಲಿನಿಂದ ಕಾಗದಕ್ಕೆ ಮತ್ತೆಮತ್ತೆ ದಾಟಬೇಕು.

ಈ ಓದಿನ ರೂಢಿ ಸಾಹಿತ್ಯಕ್ಕೂ ಹರಿಯಿತು. ಫ್ರೈಬರ್ಗ್ ಅಕಾಡೆಮಿಯಲ್ಲಿ 1775ರಿಂದ ಪಾಠ ಹೇಳಿದ ಅಬ್ರಹಾಂ ಗಾಟ್ಲೊಬ್ ವೆರ್ನರ್ ಖನಿಜಗಳನ್ನು ಬಣ್ಣ, ಹೊಳಪು, ಮುರಿದ ಮೈ ಮೊದಲಾದ ಹೊರಲಕ್ಷಣಗಳಿಂದ ವರ್ಣಿಸಲು ಒಂದು ಶಿಸ್ತಿನ ಪದಕೋಶವನ್ನೇ ಕಟ್ಟಿದ್ದ. ಅವನಲ್ಲಿ ಕಲಿತವರಲ್ಲಿ ಕವಿ ನೊವಾಲಿಸ್ ಒಬ್ಬ. ಗಯಟೆಯ ಉದಾಹರಣೆ ಇನ್ನೂ ಹತ್ತಿರದ್ದು. ಬೊಹೀಮಿಯದ ಕಾರ್ಲ್ಸ್‌ಬಾಡ್‌ನಲ್ಲಿ ಯೋಸೆಫ್ ಮ್ಯುಲರ್ ಎಂಬ ಕಲ್ಲುಕುಟಿಗ ಆ ಸುತ್ತಿನ ನೂರು ಕಲ್ಲುಗಳನ್ನು ಅಂಕೆ ಹಾಕಿ ಪೆಟ್ಟಿಗೆಯಲ್ಲಿಟ್ಟು ಪ್ರವಾಸಿಗಳಿಗೆ ಮಾರುತ್ತಿದ್ದ. ಅದಕ್ಕೆ 1807ರಲ್ಲಿ ವಿವರಣೆ ಬರೆದುಕೊಟ್ಟವನು ಗಯಟೆ. ಇಂದು ಗಯಟೆಯ ಸಮಗ್ರ ಸಂಪುಟಗಳಲ್ಲಿ ಆ ಬರಹ ಸುಲಭವಾಗಿ ಸಿಗುತ್ತದೆ, ಕಲ್ಲುಗಳಿಲ್ಲದೆ. ನೊಯ್ಬರ್‌ನ ಎಷ್ಟೋ ಡಬ್ಬಿಗಳಿಗೆ ಆದದ್ದು ಇದರ ತಿರುವುಮುರುವು: ಕಲ್ಲುಗಳಿವೆ, ಬರಹವಿಲ್ಲ. ಕವಿಯ ಹೆಸರಿದ್ದರೆ ಕಾಗದ ಉಳಿಯುತ್ತದೆ, ಚಿನ್ನವಿದ್ದರೆ ವಸ್ತು ಉಳಿಯುತ್ತದೆ. ಎರಡೂ ಜೊತೆಯಾಗಿ ಉಳಿಯಲು ಬೇರೆಯೇ ಕಾಳಜಿ ಬೇಕು.

ಹೊತ್ತಗೆ ತಪ್ಪಿಹೋದ ಡಬ್ಬಿಯ ಸ್ಥಿತಿಯನ್ನು ಊಹಿಸಿಕೊಳ್ಳಬಹುದು. ಅಂಕೆಗಳು ಎಲ್ಲ ಡಬ್ಬಿಗಳಿಗೂ ಒಂದೇ ಅಲ್ಲ. ಒಂದರ 14 ಇನ್ನೊಂದರ 14 ಆಗಬೇಕಿಲ್ಲ. ಹಾಗಾಗಿ ಹೊತ್ತಗೆಯಿಲ್ಲದ ಅಂಕೆ ಎಲ್ಲಿಗೂ ಒಯ್ಯುವುದಿಲ್ಲ. ಷ್ಲಾಟ್‌ವಿಟ್ಸ್‌ನ ಒಡಕು ಅಗೇಟ್, ಕೆಮ್ನಿಟ್ಸ್‌ನ ಚುಕ್ಕೆಮರ ಇಂಥ ಎದ್ದುಕಾಣುವವನ್ನು ಬಲ್ಲವರು ನೋಡಿಯೇ ಹೇಳಿಯಾರು. ಕಂದು ಜ್ಯಾಸ್ಪರ್ ಮಾತ್ರ ಹತ್ತು ಊರುಗಳದ್ದಾಗಬಹುದು. ಹರಾಜಿನ ಪಟ್ಟಿಗಳಲ್ಲಿ ಅಂತಹ ಡಬ್ಬಿಯನ್ನು ಚಿನ್ನದ ತೂಕ, ಕೆಲಸದ ನಯ, ಹಿಂದಿನ ಒಡೆಯರ ವಂಶಾವಳಿಗಳಿಂದ ವರ್ಣಿಸಲಾಗುತ್ತದೆ. ಕಲ್ಲುಗಳು ಬಣ್ಣಗಳಾಗಿಬಿಡುತ್ತವೆ. ಹೊತ್ತಗೆಯನ್ನು ‘ಇದ್ದರೆ ಒಳ್ಳೆಯದು’ ಎಂಬ ಲಗತ್ತಿನಂತೆ ಕಾಣುವ ಈ ಅಭ್ಯಾಸ ಸರಿಯಲ್ಲ. ಮೂಲ ಯೋಜನೆಯಲ್ಲಿ ಅದು ಕೃತಿಯ ಒಂದು ಅಂಗ. ಬರಹ ಹೋದ ಡಬ್ಬಿಯನ್ನು ಭಗ್ನಕೃತಿ ಎಂದೇ ದಾಖಲಿಸಬೇಕು.

2012ರಲ್ಲಿ ಡ್ರೆಸ್ಡೆನ್, ನ್ಯೂಯಾರ್ಕ್, ಪ್ಯಾರಿಸ್‌ಗಳಲ್ಲಿ ಸರದಿಯಂತೆ ನಡೆದ ಪ್ರದರ್ಶನದಿಂದ ನೊಯ್ಬರ್‌ನ ಕೃತಿಗಳನ್ನು ಒಟ್ಟಿಗೆ ನೋಡುವುದು ಸಾಧ್ಯವಾಯಿತು. ಅಲ್ಲಿಯವರೆಗೆ ಬ್ರತೊಯ್ ವಂಶಸ್ಥರ ಬಳಿಯೇ ಇದ್ದ ಮೇಜನ್ನು ಫ್ರಾನ್ಸ್ ರಾಷ್ಟ್ರೀಯ ನಿಧಿ ಎಂದು ಪರಿಗಣಿಸಿತು. ಸಾರ್ವಜನಿಕರಿಂದಲೂ ವಂತಿಗೆ ಎತ್ತಿ 1 ಕೋಟಿ 25 ಲಕ್ಷ ಯೂರೊ ಬೆಲೆಗೆ ಅದು 2015ರಲ್ಲಿ ಲೂವ್ರ್ ಸಂಗ್ರಹಾಲಯ ಸೇರಿತು. ಸ್ಯಾಕ್ಸನಿಯ ನೆಲದ ಪಟ್ಟಿ ಹೀಗೆ ಫ್ರಾನ್ಸಿನ ನಿಧಿಯಾಯಿತು. ಒಪ್ಪಂದವಾದ ಟೆಶೆನ್ ಪಟ್ಟಣದ ಪಾಡು ಬೇರೆ. 1920ರಲ್ಲಿ ಗಡಿ ಗೀರುವಾಗ ಊರ ನಡುವಿನ ಓಲ್ಜಾ ಹೊಳೆಯನ್ನೇ ಗೆರೆಯಾಗಿ ಹಿಡಿದರು. ಒಂದು ದಡ ಪೋಲೆಂಡಿನ ಚೆಶಿನ್, ಇನ್ನೊಂದು ದಡ ಜೆಕೊಸ್ಲೊವಾಕಿಯದ ಚೆಸ್ಕಿ ಟ್ಯೆಶಿನ್. ಮೇಜಿಗೆ ಅಂಟಿದ ಹೆಸರು ಮಾತ್ರ ಇನ್ನೂ ಟೆಶೆನ್.

ಹೊತ್ತಗೆಯ ಊರುಗಳಲ್ಲಿ ಒಂದಕ್ಕೆ ಹೆಸರೇ ಕೆಲಕಾಲ ಇಲ್ಲವಾಗಿತ್ತು. 1953ರಲ್ಲಿ ಪೂರ್ವ ಜರ್ಮನಿಯ ಸರ್ಕಾರ ಕೆಮ್ನಿಟ್ಸ್ ನಗರವನ್ನು ಕಾರ್ಲ್ ಮಾರ್ಕ್ಸ್ ನಗರವೆಂದು ಕರೆಯಿತು. ಮಾರ್ಕ್ಸ್‌ಗೂ ಆ ಊರಿಗೂ ಯಾವ ನಂಟೂ ಇರಲಿಲ್ಲ. 37 ವರ್ಷ ನಕ್ಷೆ, ಅಂಚೆಮುದ್ರೆ, ರೈಲುಚೀಟಿಗಳೆಲ್ಲ ಆ ಹೆಸರಿನಲ್ಲೇ ನಡೆದವು. ಒಂದು ಊರಿಗೆ ಎರಡೆರಡು ಉಚ್ಚಾರ, ಎರಡೆರಡು ಬೋರ್ಡು ಇರುವ ಸೀಮೆಗಳಲ್ಲಿ, ಮಂಜೇಶ್ವರವನ್ನೂ ಮಂಜೇಶ್ವರಂ ಅನ್ನೂ ಒಂದೇ ದಿನ ಓದುವವರಿಗೆ, ಇದರ ಇಕ್ಕಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ. 1990ರಲ್ಲಿ ನಗರವಾಸಿಗಳ ಮತ ಕೇಳಿದಾಗ ಬಹುಸಂಖ್ಯಾತರು ಹಳೆಯ ಹೆಸರನ್ನೇ ಬಯಸಿದರು. ಆ ವರ್ಷ ಜೂನ್ 1ರಿಂದ ಊರು ಮತ್ತೆ ಕೆಮ್ನಿಟ್ಸ್ ಆಯಿತು. ಕಲ್ಲಾದ ಮರದ ಮುಂದೆ ಬರೆದಿದ್ದ ಹೆಸರು ಈಗ ನಕ್ಷೆಯಲ್ಲೂ ಇದೆ.